ಹತ್ತಿ ಬರುವ ಮೀನು ಯಾರದು?



ಪತ್ತನಾಜೆಗೆ ಇನ್ನು ಕೆಲವೇ ದಿನಗಳಿವೆ. ಅದು ಕಳೆದರೆ ಮಳೆಯ ದಾರಿ ನೋಡುವುದೇ ಕೆಲಸ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ನಮ್ಮ ಕಾಸರಗೋಡಿನವರೆಗೆ ಬರಲು ಅದಕ್ಕೆ ಮತ್ತೂ ಕೆಲವು ದಿನ ಬೇಕು. ಎರಡು ಮೂರು ಜೋರು ಮಳೆ ಬಿದ್ದು ತೋಡುಗಳೆಲ್ಲ ಕೆಂಪು ನೀರಿನಿಂದ ತುಂಬಿದ ರಾತ್ರಿ, ಹೊಳೆಯ ಮೀನು ಮೇಲೆ ಹತ್ತಲು ಶುರುಮಾಡುತ್ತದೆ. ತುಳುವಿನಲ್ಲಿ ಇದನ್ನು ಉಬರ್ ಎನ್ನುತ್ತಾರೆ, ಮಲಯಾಳದಲ್ಲಿ ಊತ್ತ. ಘಟ್ಟದ ಮೇಲಿನ ಕನ್ನಡದವರಿಗೆ ಅದು ಹತ್ತುಮೀನು. ನಮ್ಮ ಧರ್ಮಕೇಂದ್ರದಲ್ಲಿ ಯಾವ ಭಾನುವಾರ ಯಾವ ಭಾಷೆಯ ಪೂಜೆ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಆದರೆ ಆ ರಾತ್ರಿ ಟಾರ್ಚು, ಕತ್ತಿ, ಗೋಣಿಚೀಲ ಹಿಡಿದು ಹೊರಡುವಾಗ ಭಾಷೆಯ ತಕರಾರು ಯಾರಿಗೂ ಇರುವುದಿಲ್ಲ.

ಕಳೆದ ತಿಂಗಳು ಯುವಜನರ ಸಭೆಯಲ್ಲಿ ನಾವು ಬೇರೇನೋ ಮಾತಾಡಲು ಕೂತಿದ್ದೆವು. ಕೊನೆಗೆ, ‘ಬೇರೆ ವಿಷಯ ಏನಾದರೂ ಇದೆಯಾ’ ಎಂದು ಕೇಳಿದಾಗ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು, “ಉಬರ್ ಹಿಡಿಯುವುದು ಪಾಪವಾ?” ಎಂದು ಕೇಳಿದ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಂದೂವರೆ ಗಂಟೆ ಅದೇ ಮಾತು. ಎದ್ದು ಬರುವಾಗಲೂ ಒಮ್ಮತವಿರಲಿಲ್ಲ. ಆ ಚರ್ಚೆಯನ್ನೇ ಸ್ವಲ್ಪ ಓರಣ ಮಾಡಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮಳೆ ಬಿದ್ದಾಗ ಹೊಳೆಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ನಮ್ಮಲ್ಲಿ ಒಂದಿಬ್ಬರು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರು. ಇಷ್ಟು ಪಾಠವನ್ನು ನೀವು ಸಹಿಸಿಕೊಳ್ಳಬೇಕು.

ಏಪ್ರಿಲ್ ಮೇ ತಿಂಗಳಲ್ಲಿ ಶಿರಿಯ, ಉಪ್ಪಳ, ಪಯಸ್ವಿನಿ ಹೊಳೆಗಳ ಮೇಲ್ಭಾಗವೆಲ್ಲ ಬತ್ತಿ, ಅಲ್ಲಲ್ಲಿ ಕಯಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಬದುಕಿದ ಮೀನೆಲ್ಲ ಆ ಕಯಗಳಲ್ಲಿ ಒತ್ತೊತ್ತಾಗಿ ಇರುತ್ತದೆ. ಆ ಬೇಸಿಗೆಯಲ್ಲೇ ಅವುಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದು. ಮೊದಲ ಮಳೆಗೆ ನೀರು ಒಮ್ಮೆಲೇ ತಣ್ಣಗಾಗುತ್ತದೆ, ಮಟ್ಟ ಏರುತ್ತದೆ, ಸೆಳೆತ ಹುಟ್ಟುತ್ತದೆ, ನೀರಿಗೆ ಹೊಸ ಮಣ್ಣಿನ ವಾಸನೆ ಸೇರುತ್ತದೆ. ಇವೆಲ್ಲ ಒಟ್ಟಾಗಿ ಬಂದರೆ ಮೀನಿಗೆ ಅದೇ ಕರೆ. ಅದು ಸೆಳೆತಕ್ಕೆ ಎದುರಾಗಿ ತಿರುಗುತ್ತದೆ. ಹೊಳೆಯಿಂದ ತೋಡಿಗೆ, ತೋಡಿನಿಂದ ಕಣಿಗೆ, ಕಣಿಯಿಂದ ಬೈಲಿನ ಗದ್ದೆಗೆ. ಅದಕ್ಕೆ ಬೇಕಾದದ್ದು ಮೊಣಕಾಲುದ್ದಕ್ಕಿಂತ ಕಡಿಮೆ ಆಳದ, ಸೆಳೆತವಿಲ್ಲದ ನೀರು. ಹಳೆಯ ಬೈಹುಲ್ಲು, ಕೂಳೆ ಕೊಳೆತ ಗದ್ದೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ತುಂಬುತ್ತವೆ. ಮರಿಗಳಿಗೆ ಅದೇ ಹಾಲು. ಮರಿಗಳನ್ನು ನುಂಗುವ ದೊಡ್ಡ ಮೀನಿನ ಕಾಟ ಅಲ್ಲಿ ಕಡಿಮೆ. ಮಲಯಾಳಿಗಳು ಪರಲ್ ಎನ್ನುವ ಸಣ್ಣ ಬೆಳ್ಳಿಮೀನುಗಳು, ಮುಗುಡು ಎಲ್ಲವೂ ಹೀಗೆ ಬರುತ್ತವೆ. ಮುಗುಡಿಗೆ ಕಿವಿರಿನ ಜೊತೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗವಿದೆ. ಹಾಗಾಗಿ ಒದ್ದೆ ಹುಣಿಯ ಮೇಲೆ ತೆವಳಿಕೊಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಸೋಣ ತಿಂಗಳ ಹೊತ್ತಿಗೆ ಮಳೆ ಇಳಿದಾಗ ಬೆರಳುದ್ದದ ಮರಿಗಳು ನೀರಿನ ಜೊತೆಗೇ ಹೊಳೆಗೆ ಇಳಿಯುತ್ತವೆ.

ಇದು ಮೊದಲ ಮಳೆಯ ಕಥೆ. ಆಟಿಯ ನೆರೆ ಬೇರೆ. ಆಗ ಹೊಳೆ ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೀನಿಗೆ ಕಣ್ಣು ಕಾಣುವುದಿಲ್ಲ. ನಡುಹೊಳೆಯ ಸೆಳೆತದಲ್ಲಿ ನಿಲ್ಲಲಾಗದೆ ಅದು ಅಂಚಿಗೆ, ಮುಳುಗಿದ ಪೊದೆಗಳ ಅಡಿಗೆ, ಹೊಳೆಗೆ ಸೇರುವ ತೋಡಿನ ಬಾಯಿಗೆ ಬರುತ್ತದೆ. ಗಾಳ ಹಾಕಿ ಅಭ್ಯಾಸವಿರುವವರಿಗೆ ಇದು ಗೊತ್ತು. ಅವರು ಎರೆಹುಳು ಸಿಕ್ಕಿಸಿ ದಡದ ಹತ್ತಿರವೇ ಬಿಡುತ್ತಾರೆ. ಕಣ್ಣು ಕಾಣದ ಮೀನು ವಾಸನೆ ಹಿಡಿದು ಬರುತ್ತದೆ. ಬೀಸುಬಲೆಯವರಿಗೆ ಆಗ ಸಿಗುವುದು ಹೆಚ್ಚಾಗಿ ತೆಂಗಿನ ಮಡಲು ಮತ್ತು ಹರಿದ ಬಲೆ. ಅಳಿವೆಯಲ್ಲಂತೂ ಸಿಹಿನೀರು ಉಪ್ಪುನೀರನ್ನು ಹೊರಗೆ ದಬ್ಬುವುದರಿಂದ ಉಪ್ಪು ಬೇಕಾದ ಮೀನು ಸಮುದ್ರದ ಕಡೆ ಸರಿಯುತ್ತದೆ. ಸರಿಯಲು ಕಾಲಿಲ್ಲದ ಮರುವಾಯಿ ಅಲ್ಲೇ ಸಾಯುವುದೂ ಉಂಟು. ನೆರೆ ಇಳಿದು ನೀರು ತಿಳಿಯಾಗುವಾಗ ಮತ್ತೆ ಮೀನಿಗೆ ಒಳ್ಳೆಯ ಕಾಲ. ಇದರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಜೀವ ಕೈಯಲ್ಲಿ ಹಿಡಿದು ನೆರೆಗೆ ಇಳಿಯಬೇಡಿ ಎಂದಷ್ಟೇ. ಮುಳುಗಿದವನನ್ನು ಹುಡುಕಲು ಇಳಿಯುವ ಅಗ್ನಿಶಾಮಕ ದಳದವರಿಗೂ ಹೆಂಡತಿ ಮಕ್ಕಳಿದ್ದಾರೆ. ಹುಡುಗನ ಪ್ರಶ್ನೆ ಇದ್ದದ್ದು ಮೊದಲ ಮಳೆಯ ಆ ಹತ್ತು ಹದಿನೈದು ದಿನಗಳ ಬಗ್ಗೆ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಿದರು. ಕೇರಳದ ಒಳನಾಡು ಮೀನುಗಾರಿಕೆ ಕಾನೂನು 2010ರಲ್ಲೇ ಬಂದಿದೆ. ಮೊಟ್ಟೆ ಇಡಲು ಹತ್ತಿ ಬರುವ ಮೀನನ್ನು ಹಿಡಿಯುವುದು, ಅದರ ದಾರಿಗೆ ಅಡ್ಡ ಕಟ್ಟುವುದು ಅದರ ಪ್ರಕಾರ ಅಪರಾಧ. ದಂಡವೂ ಉಂಟು, ಜೈಲೂ ಉಂಟು. ಸಭೆಯಲ್ಲಿದ್ದ ಅರ್ಧ ಜನರಿಗೆ ಇದು ಹೊಸ ಸುದ್ದಿ. ಆದರೆ ಹುಡುಗ ಕೇಳಿದ್ದು ಅಪರಾಧವೇ ಎಂದಲ್ಲ, ಪಾಪವೇ ಎಂದು. ಪೊಲೀಸರು ಬಾರದ ತೋಡಿನಲ್ಲಿ, ಕತ್ತಲಲ್ಲಿ, ನಮ್ಮದೇ ತೋಟದ ಬದಿಯಲ್ಲಿ, ಕಾಲಿಗೆ ಬಂದು ತಾಗುವ ಮೀನನ್ನು ಬಿಟ್ಟುಬಿಡಲು ಕಾರಣ ಬೇಕಲ್ಲವೇ?

ಹಿಡಿಯುವವರ ಪರವಾಗಿ ಬಂದ ಮೊದಲ ವಾದ ಲೆಕ್ಕದ್ದು. ಒಂದು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ. ಬಹುಪಾಲು ಹೇಗೂ ಹಾಳಾಗುತ್ತವೆ. ಕೊಕ್ಕರೆ ತಿನ್ನುತ್ತದೆ, ಕಪ್ಪೆ ತಿನ್ನುತ್ತದೆ, ಗದ್ದೆ ಒಣಗಿದರೆ ಮರಿಗಳೇ ಸಾಯುತ್ತವೆ. ಅಷ್ಟು ಪೋಲು ಮಾಡುವ ಪ್ರಕೃತಿಗೆ ನಮ್ಮ ಒಂದು ಬುಟ್ಟಿ ಮೀನು ಯಾವ ಲೆಕ್ಕ? ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕವನ್ನು ಇನ್ನೊಂದು ತುದಿಯಿಂದ ಮಾಡಿ ನೋಡಿ. ಹೊಳೆಯಲ್ಲಿ ಮೀನಿನ ಸಂಖ್ಯೆ ಕುಗ್ಗದೆ ಇದ್ದಷ್ಟೇ ಇರಬೇಕಾದರೆ, ಒಂದು ಗಂಡು ಒಂದು ಹೆಣ್ಣು ತಮ್ಮ ಇಡೀ ಆಯುಷ್ಯದಲ್ಲಿ ಬಿಟ್ಟುಹೋಗಬೇಕಾದದ್ದು ಬೆಳೆದು ದೊಡ್ಡದಾಗುವ ಎರಡೇ ಮರಿಗಳನ್ನು. ಕೊಕ್ಕರೆ, ಕಪ್ಪೆ, ಬಿಸಿಲು ಎಲ್ಲದರ ಪಾಲು ಕಳೆದ ಮೇಲೆ ಆ ಎರಡು ಉಳಿಯಲಿ ಎಂದೇ ಅಷ್ಟೊಂದು ಮೊಟ್ಟೆ. ಪೋಲಿನ ಲೆಕ್ಕ ಅದರಲ್ಲಿ ಮೊದಲೇ ಸೇರಿದೆ. ಟಾರ್ಚು ಹಿಡಿದ ನಮ್ಮ ಲೆಕ್ಕ ಸೇರಿಲ್ಲ. ಅದೇ ಮುಗುಡನ್ನು ಅಕ್ಟೋಬರಿನಲ್ಲಿ ಹಿಡಿದರೆ ಅದು ಗದ್ದೆಗೆ ಹೋಗಿ ತನ್ನ ಕೆಲಸ ಮುಗಿಸಿ ಬಂದ ಮೀನು. ಜೂನಿನಲ್ಲಿ ಹಿಡಿದರೆ ಮುಂದಿನ ತಲೆಮಾರನ್ನೂ ಅದರ ಜೊತೆಗೇ ಸಾರಿಗೆ ಹಾಕಿದ ಹಾಗೆ. ನಮ್ಮ ಹಿರಿಯರು ಎಷ್ಟೇ ಹಸಿವಾದರೂ ಬಿತ್ತಿನ ಮುಡಿ ಬಿಚ್ಚಿ ಅನ್ನ ಮಾಡುತ್ತಿರಲಿಲ್ಲ. ಹಾಗೆಂದು ಅವರು ಭತ್ತವನ್ನು ಪೂಜಿಸಿ ಉಪವಾಸ ಕೂತವರಲ್ಲ. ಯಾವ ಭತ್ತ ಯಾವಾಗ ತಿನ್ನಬಹುದು ಎಂಬುದು ಅವರಿಗೆ ಗೊತ್ತಿತ್ತು.

ಸಭೆಯಲ್ಲಿ ಒಬ್ಬಳು ಧರ್ಮೋಪದೇಶಕಾಂಡದ 22ನೇ ಅಧ್ಯಾಯವನ್ನು ತೆಗೆದು ತೋರಿಸಿದಳು. ದಾರಿಯಲ್ಲಿ ಹೋಗುವಾಗ ಹಕ್ಕಿಗೂಡು ಸಿಕ್ಕಿ, ತಾಯಿ ಹಕ್ಕಿ ಮೊಟ್ಟೆಯ ಮೇಲೋ ಮರಿಗಳ ಮೇಲೋ ಕೂತಿದ್ದರೆ, ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು, ತಾಯಿಯನ್ನು ಬಿಟ್ಟುಬಿಡಬೇಕು ಎಂಬ ಸಣ್ಣ ಕಟ್ಟಳೆ ಅಲ್ಲಿದೆ. ಅದನ್ನು ಪಾಲಿಸಿದವರಿಗೆ ಒಳಿತೂ ದೀರ್ಘಾಯುಷ್ಯವೂ ದೊರೆಯುವುದೆಂಬ ಮಾತಿದೆ. ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಯ ಜೊತೆಗಿರುವುದೂ ಇದೇ ವಾಗ್ದಾನ. ಒಂದು ಹಕ್ಕಿಗೂಡಿಗೆ ಇಷ್ಟು ದೊಡ್ಡ ಮಾತೇಕೆ ಎಂದು ನಮಗೂ ಆಶ್ಚರ್ಯವಾಯಿತು. ಗಮನಿಸಿ, ಆ ಕಟ್ಟಳೆ ಮೊಟ್ಟೆ ತಿನ್ನಬೇಡ ಎನ್ನುವುದಿಲ್ಲ. ಗೂಡು ಸಿಕ್ಕಿದ್ದು ನಿನ್ನ ಅದೃಷ್ಟ, ಆದರೆ ತಾಯಿಗೆ ರೆಕ್ಕೆಯಿದ್ದೂ ಅದು ಹಾರದೆ ಕೂತಿರುವುದು ಮರಿಗಳ ಮೇಲಿನ ಪ್ರೀತಿಯಿಂದ. ಆ ಪ್ರೀತಿಯನ್ನೇ ಬಲೆ ಮಾಡಿಕೊಳ್ಳಬೇಡ ಎನ್ನುವಂತಿದೆ. ಹತ್ತುಮೀನಿನ ವಿಷಯವೂ ಇದೇ. ಕಯದಲ್ಲಿ ಬೆರಳು ಸೋಕಿದರೆ ಓಡುವ ಮೀನು, ಆ ರಾತ್ರಿ ಬೆಳಕು ಬಿಟ್ಟರೂ ಕತ್ತಿ ಬೀಸಿದರೂ ಹಿಂದೆ ತಿರುಗುವುದಿಲ್ಲ. ಅದು ಸುಲಭವಾಗಿ ಸಿಗುವುದಕ್ಕೆ ಅದರ ಹೊಟ್ಟೆಯೊಳಗಿನ ಮೊಟ್ಟೆಯೇ ಕಾರಣ. ಹಕ್ಕಿಯಾದರೆ ತಾಯಿಯನ್ನು ಹಾರಿಸಿ ಮೊಟ್ಟೆಯನ್ನಾದರೂ ಇಟ್ಟುಕೊಳ್ಳಬಹುದು. ಮೀನಿನಲ್ಲಿ ತಾಯಿ ಬೇರೆ ಮೊಟ್ಟೆ ಬೇರೆ ಎಂದು ಮಾಡುವ ಹಾಗಿಲ್ಲ.

ಇಲ್ಲಿಗೆ ಮಾತು ಮುಗಿಯಿತು ಎಂದುಕೊಂಡಿದ್ದೆವು. ಆಗ ನಮ್ಮ ಸಭೆಗೆ ಬಂದಿದ್ದ ವಾಳೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, “ನೀವು ಆಟಿ ನೋಡಿದವರಲ್ಲ ಪುತಾ” ಎಂದರು. ಒಕ್ಕಲು ಕಾನೂನು ಬರುವುದಕ್ಕೆ ಮುಂಚಿನ ಕಾಲ. ಗದ್ದೆ ಧಣಿಯದು, ಭತ್ತ ಧಣಿಯದು, ತೆಂಗು ಧಣಿಯದು. ಕಾರ್ತೆಲಿನಿಂದ ಆಟಿಯವರೆಗೆ ಕೆಸುವಿನ ಸೊಪ್ಪು, ತಗಟೆ ಸೊಪ್ಪು, ಹಲಸಿನ ಬೀಜದಲ್ಲಿ ದಿನ ದೂಡಬೇಕು. ಸಮುದ್ರದ ಮೀನು ಮಳೆಗಾಲದಲ್ಲಿ ಒಳನಾಡಿಗೆ ಬರುತ್ತಿರಲಿಲ್ಲ. ತೋಡಿಗೆ ಹತ್ತಿದ ಮೀನಿಗೆ ಮಾತ್ರ ಧಣಿ ಇರಲಿಲ್ಲ. ಅದನ್ನು ಹಿಡಿದು, ಸೀಳಿ, ಒಲೆಯ ಮೇಲೆ ಹೊಗೆಗೆ ತೂಗುಹಾಕಿ ಮಕ್ಕಳಿಗೆ ಕೊಟ್ಟವರು ನಮ್ಮ ಅಜ್ಜಿಯಂದಿರು. “ಅವರೆಲ್ಲ ಪಾಪಿಗಳಾ?” ಎಂದು ಕೇಳಿ ಅವರು ಸುಮ್ಮನಾದರು.

ಈ ಪ್ರಶ್ನೆಯನ್ನು ಹಾರಿಸಿಬಿಡಲು ನಮ್ಮಿಂದ ಆಗಲಿಲ್ಲ. ಬೈಬಲಿನಲ್ಲಿ ಹಕ್ಕಿಗೂಡಿನ ಕಟ್ಟಳೆ ಇರುವ ಹಾಗೆಯೇ ಹಕ್ಕಲಿನ ಕಟ್ಟಳೆಯೂ ಇದೆ. ಯಾಜಕಕಾಂಡ 19ರಲ್ಲಿ, ಹೊಲ ಕೊಯ್ಯುವಾಗ ಅಂಚಿನವರೆಗೆ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಅದು ಬಡವನಿಗೂ ಪರದೇಶಿಗೂ ಇರಲಿ ಎಂದಿದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಇದೇ ಹಕ್ಕಿನಿಂದ. ನೆಲವಿಲ್ಲದವನಿಗೆ ತೋಡಿನ ಮೀನು ಅಂಥ ಹಕ್ಕಲಾಗಿತ್ತು. ಒಂದು ಕಟ್ಟಳೆ ತಾಯಿಯನ್ನು ಬಿಡು ಎನ್ನುತ್ತದೆ. ಇನ್ನೊಂದು ಅಂಚನ್ನು ಹಸಿದವನಿಗೆ ಬಿಡು ಎನ್ನುತ್ತದೆ. ಎರಡೂ ಒಂದೇ ತೋಡಿನಲ್ಲಿ ಎದುರುಬದುರಾದರೆ?

ನಮಗೆ ತೋಚಿದ್ದು ಇಷ್ಟು. ಹಕ್ಕಲಿನ ಮಾತನ್ನು ದೇವರು ಹೇಳಿದ್ದು ಹೊಲದ ಯಜಮಾನನಿಗೆ. ಇದ್ದವನು ಕೈ ಹಿಂದೆ ತೆಗೆಯಬೇಕು, ಇಲ್ಲದವನಿಗೆ ಅದು ಸಿಗಬೇಕು. ಹಾಗಾದರೆ ಇಂದು ಉಬರಿಗೆ ಹೋಗುವವರು ಯಾರು ಎಂದು ನೋಡಬೇಕು. ಸಂಜೆ ಸಾರಿಗೆ ಏನೂ ಇಲ್ಲದೆ ಕತ್ತಿ ಹಿಡಿದು ತೋಡಿಗಿಳಿಯುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಈಗಲೂ ಒಂದೆರಡು ಇರಬಹುದು. ಅವರ ಬಗ್ಗೆ ಬರೆಯಲು ನಮಗೆ ಪೆನ್ನು ಓಡುವುದಿಲ್ಲ. ಉಳಿದವರ ಮನೆಯಲ್ಲಿ ಫ್ರಿಜ್ಜು ಇದೆ, ಫ್ರಿಜ್ಜಿನಲ್ಲಿ ಕೋಳಿ ಇದೆ. ಬಂಗುಡೆಗೆ ಮಳೆಗಾಲದಲ್ಲಿ ಬೆಲೆ ಏರಿದರೂ ಕೊಳ್ಳುವ ಶಕ್ತಿ ಇದೆ. ಅಜ್ಜಿಯ ಕಾಲದಲ್ಲಿ ಮಡಲಿನ ಸೂಟೆ ಹಿಡಿದು ಒಂದು ಮನೆಯ ನಾಲ್ಕು ಜನ ಹೋಗುತ್ತಿದ್ದರು. ಸೂಟೆ ಉರಿದು ಮುಗಿದರೆ ಮೀನಿಗೆ ಬಿಡುಗಡೆ. ಈಗ ತಲೆಗೆ ಕಟ್ಟುವ ಲೈಟು ಬೆಳಗಿನವರೆಗೂ ಉರಿಯುತ್ತದೆ. ‘ತೋಡಿನಲ್ಲಿ ಹತ್ತುತ್ತಾ ಇದೆ’ ಎಂದು ವಾಟ್ಸಾಪಿನಲ್ಲಿ ಹಾಕಿದರೆ ಅರ್ಧ ಗಂಟೆಯಲ್ಲಿ ಪೇಟೆಯಿಂದ ಬೈಕುಗಳು ಬರುತ್ತವೆ. ತೋಡಿಗೆ ಅಡ್ಡಲಾಗಿ ಇಡೀ ಬಲೆ ಕಟ್ಟುತ್ತಾರೆ. ಬ್ಯಾಟರಿ, ಇನ್ವರ್ಟರಿನಿಂದ ನೀರಿಗೆ ಕರೆಂಟು ಬಿಡುವವರೂ ಇದ್ದಾರೆ. ಅದಕ್ಕೆ ದೊಡ್ಡದು ಸಣ್ಣದು ಎಂಬ ಭೇದವಿಲ್ಲ, ಕಪ್ಪೆಯೂ ಡೆಂಜಿಯೂ ಒಟ್ಟಿಗೆ ಮಗುಚಿಕೊಳ್ಳುತ್ತವೆ. ಇದನ್ನು ಅಜ್ಜಿಯ ಹೆಸರಿನಲ್ಲಿ ಮಾಡುವುದು ಅಜ್ಜಿಗೆ ಅನ್ಯಾಯ. ಮರುದಿನ ಗೋಣಿ ತುಂಬಿದ ಮೀನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಹಸಿವಿನ ವಾದ ಹೇಳುವ ಹಕ್ಕಿಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ.

ಇನ್ನೊಂದು ಮಾತು. ನಮ್ಮ ತೋಡಿಗೆ ಹತ್ತಿದ ಮೀನು ವರ್ಷದ ಉಳಿದ ತಿಂಗಳು ಇರುವುದು ಕೆಳಗಿನ ಊರಿನ ಕಯದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಗಾಳ ಹಾಕಿ ಕೂರುವವನು ಬ್ಯಾರಿಯೋ ಮಲಯಾಳಿಯೋ ಇರಬಹುದು, ನಾವು ಅವನ ಮುಖ ನೋಡಿರುವುದಿಲ್ಲ. ಮೇಲೆ ಕೂತು ಜೂನಿನ ಒಂದು ರಾತ್ರಿ ನಾವು ಬಾಚಿದ್ದು ಅವನ ಮುಂದಿನ ವರ್ಷಗಳ ಪಾಲನ್ನು. ‘ನಮ್ಮ ಜಾಗಕ್ಕೆ ಬಂದ ಮೀನು’ ಎಂಬ ಮಾತು ನ್ಯಾಯದ ಹಾಗೆ ಕೇಳಿದರೂ ಹೊಳೆಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಸಮುದ್ರದಲ್ಲಿ ಈ ನ್ಯಾಯವನ್ನು ಮೀನುಗಾರರೇ ಹೊಟ್ಟೆ ಕಟ್ಟಿ ಪಾಲಿಸುತ್ತಾರೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟುಗಳು ದಡದಲ್ಲೇ. ತಲಪಾಡಿಯಿಂದಾಚೆ ಜೂನ್ 1ರಿಂದ 61 ದಿನ. ಆ ದಿನಗಳಲ್ಲಿ ಬೋಟಿನ ಕೆಲಸಗಾರನಿಗೆ ಸಂಬಳವಿಲ್ಲ. ಅವನ ಮುಂದೆ ನಿಂತು, ನಮಗೆ ಹದಿನೈದು ದಿನ ತೋಡಿಗಿಳಿಯದೆ ಇರಲು ಕಷ್ಟವಾಗುತ್ತದೆ ಎಂದು ಹೇಳಲು ನಾಚಿಕೆಯಾಗುತ್ತದೆ. ದೂರವೇಕೆ, ಘಟ್ಟದ ಬುಡದ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಹೊಳೆಯ ಮೀನನ್ನು ಭಕ್ತರು ಮುಟ್ಟುವುದಿಲ್ಲ, ಅಕ್ಕಿ ಹಾಕಿ ನೋಡಿ ಬರುತ್ತಾರೆ. ಬಿಟ್ಟುಕೊಡುವುದು ಈ ನೆಲಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ಇಷ್ಟರಲ್ಲಿ, ಮೀನನ್ನು ಎಂದೂ ಹಿಡಿಯದವರು ತಮಗೆ ಇದರಲ್ಲಿ ಪಾತ್ರವಿಲ್ಲ ಎಂದು ನೆಮ್ಮದಿಯಿಂದ ಓದುತ್ತಿರಬಹುದು. ಅವರಿಗೂ ಎರಡು ವಿಷಯ ಹೇಳಬೇಕಾಗಿದೆ.

ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವುದು ಮಳೆ ಹಿಡಿಯುವ ಹೊತ್ತಿಗೇ. ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಅಂಟಿದ ಮದ್ದು ರೋಗ ತಡೆಯುತ್ತದೆ, ಸರಿ. ಮದ್ದು ಮುಗಿದ ಮೇಲೆ ಡ್ರಮ್ಮು, ಪಂಪು ತೊಳೆಯುವುದು ಎಲ್ಲಿ? ಹೆಚ್ಚಿನ ಕಡೆ ತೋಡಿನಲ್ಲೇ. ತಾಮ್ರ ಮೀನಿಗೆ ವಿಷ, ಅದರಲ್ಲೂ ಮರಿಗೆ. ನಮ್ಮ ಮುರಕಲ್ಲಿನ ನಾಡಿನ ಮೆದು ನೀರಿನಲ್ಲಂತೂ ಅದರ ವಿಷ ಇನ್ನೂ ಹೆಚ್ಚು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಅನುಭವಿಸಿದ ಜಿಲ್ಲೆಯವರಿಗೆ, ಗುಡ್ಡದಲ್ಲಿ ಚೆಲ್ಲಿದ್ದು ತೋಡಿಗಿಳಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬದಿಯಲ್ಲಿ ಒಂದು ಗುಂಡಿ ತೋಡಿ ಅಲ್ಲಿ ಡ್ರಮ್ಮು ತೊಳೆಯಲು ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೇ.

ಎರಡನೆಯದು ಕಟ್ಟ. ನಮ್ಮ ಹಿರಿಯರು ಮಳೆ ಮುಗಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು. ಬೇಸಿಗೆಯಲ್ಲಿ ತೋಟಕ್ಕೂ ಬಾವಿಗೂ ನೀರು. ಮಳೆಗಾಲ ಬಂದಾಗ ಅದನ್ನು ಬಿಡಿಸುತ್ತಿದ್ದರು, ಇಲ್ಲವೇ ಮೊದಲ ನೆರೆಗೆ ಅದೇ ಕಿತ್ತುಹೋಗುತ್ತಿತ್ತು. ಪ್ರತಿ ವರ್ಷ ಹೊಸದಾಗಿ ಕಟ್ಟುವ ಕೆಲಸ ಅವರಿಗೆ ಬೇಸರದ್ದೇ ಆಗಿದ್ದಿರಬೇಕು, ಆದರೆ ಮೀನಿಗೆ ದಾರಿ ತೆರೆದಿರುತ್ತಿತ್ತು. ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳಿವೆ. ಅವು ಒಳ್ಳೆಯವೇ, ಹಲಗೆಗಳನ್ನು ಮಳೆಗೆ ಮೊದಲು ತೆಗೆದರೆ. ಎಷ್ಟೋ ಕಡೆ ‘ಆಮೇಲೆ ತೆಗೆದರಾಯಿತು’ ಎಂದು ಬಿಟ್ಟ ಹಲಗೆ ಜೂನ್ ಕಳೆದರೂ ಅಲ್ಲೇ. ಹತ್ತಿ ಬಂದ ಮೀನು ಹಲಗೆಯ ಕೆಳಗೆ ಸೇರಿ ಒಂದರ ಮೇಲೊಂದು ಹಾರಿ ಹಾರಿ ಬೀಳುತ್ತದೆ. ಬಲೆಯವರು ಕಾಯುವುದೂ ಅಲ್ಲೇ. ಒಂದು ಹಲಗೆ ಮರೆತವನಿಂದ ಆಗುವ ಹಾನಿ ಕತ್ತಿ ಹಿಡಿದ ಹತ್ತು ಜನರಿಂದ ಆಗಲಿಕ್ಕಿಲ್ಲ. ಹಾಗೂ ಹೀಗೂ ಅದನ್ನೂ ದಾಟಿದ ಮೀನಿಗೆ ಮೇಲೆ ಗದ್ದೆ ಇರಬೇಕಲ್ಲ! ಬೈಲು ತುಂಬಿಸಬಾರದೆಂದು 2008ರಲ್ಲೇ ಕೇರಳದಲ್ಲಿ ಕಾನೂನು ಆಗಿದೆ. ಬೈಲಿಗೆ ಇಳಿದು ಎಷ್ಟು ಗದ್ದೆ ಉಳಿದಿವೆ ಎಂದು ನೀವೇ ಎಣಿಸಿ ನೋಡಿ.

ಹುಡುಗನಿಗೆ ಏನು ಉತ್ತರ ಕೊಟ್ಟಿರಿ ಎಂದು ಕೇಳುತ್ತೀರಿ. ಪಾಪ ಹೌದೋ ಅಲ್ಲವೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಪಾಪನಿವೇದನೆ ಕೇಳುವವರು ಬೇರೆ ಇದ್ದಾರೆ ಎಂದು ಒಬ್ಬ ತಮಾಷೆ ಮಾಡಿದ. ಹುಡುಗ ನಗಲಿಲ್ಲ. ಕೊನೆಗೆ ನಾವು ಅವನಿಗೆ ಹೇಳಿದ್ದು: ಬೇರೆ ಸಾರಿಗೆ ದಾರಿಯಿದ್ದೂ ಹತ್ತಿ ಬರುವ ಮೀನನ್ನು ಕಡಿಯುವುದು ತಪ್ಪು, ದಾರಿಯೇ ಇಲ್ಲದವನು ಕಡಿದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ಹಾಗಾದರೆ ಆ ಮನೆಗಳಿಗೆ ಜೂನಿನಲ್ಲಿ ಯಾರು ಮೀನು ಕೊಡುತ್ತಾರೆ?” ಎಂದು ಕೇಳಿದ. ಅದಕ್ಕೆ ಸಭೆಯಲ್ಲಿ ಉತ್ತರ ಸಿಗಲಿಲ್ಲ. ವಿನ್ಸೆಂಟ್ ಪಾವ್ಲ್ ಸಭೆಯವರ ಜೊತೆ ಮಾತಾಡುವುದೆಂದು ಬರೆದುಕೊಂಡಿದ್ದೇವೆ.

ಸದ್ಯಕ್ಕೆ ಆಗುವ ಕೆಲಸ ಒಂದಿದೆ. ಇಗರ್ಜಿಯ ಕೆಳಗಿನ ತೋಡಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮೇ ತಿಂಗಳ ಕೊನೆಯ ಭಾನುವಾರ, ಎರಡನೇ ಪೂಜೆಯ ನಂತರ ತೆಗೆಯುವುದೆಂದು ತೋಟದವರ ಜೊತೆ ಮಾತಾಗಿದೆ. ಹಲಗೆಗಳು ನೀರು ಕುಡಿದು ಭಾರವಾಗಿವೆ, ಒಂದೊಂದಕ್ಕೆ ಇಬ್ಬರು ಬೇಕು. ಬರುವವರು ಹಗ್ಗವನ್ನೂ ಒಂದು ಹಾರೆಯನ್ನೂ ತರಬೇಕು. ಗಂಜಿ, ಚಟ್ನಿಯ ವ್ಯವಸ್ಥೆ ಇದೆ.